ಮೈಸೀಲಿಯಂ ಅಂದರೆ ಏನು, ಏನಲ್ಲ: ಪದೇ ಪದೇ ಕೇಳುವ ಪ್ರಶ್ನೆಗಳು

ಅಣಬೆ, ಬೂಷ್ಟುಗಳ ಬಗ್ಗೆ ಬರೆಯುವವರಿಗೆ ಈ ಒಂದು ಪದದ ಮೇಲೆ ಪ್ರಶ್ನೆಗಳು ಬರುತ್ತಲೇ ಇರುತ್ತವೆ. ಮಾತಿನ ನಡುವೆ, ಪತ್ರಗಳಲ್ಲಿ ಮತ್ತೆ ಮತ್ತೆ ಬಂದವನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಬಿಟ್ಟಿದ್ದೇನೆ. ಹೊಸಬರು ಮೇಲಿನಿಂದ ಓದಿ, ಗೊತ್ತಿದ್ದವರು ನೇರವಾಗಿ ಕೊನೆಯ ಭಾಗಕ್ಕೆ ಹೋಗಬಹುದು.

## ಮೊದಲು ಕೇಳುವುದು

ಮೈಸೀಲಿಯಂ ಅಂದ್ರೆ ಏನು? ಒಂದೇ ಸಾಲಲ್ಲಿ ಹೇಳಿ.

ಶಿಲೀಂಧ್ರದ ಮೈ. ತುಂಬ ಸಣ್ಣ ಎಳೆಗಳು ಕವಲೊಡೆಯುತ್ತಾ, ಅಲ್ಲಲ್ಲಿ ಒಂದಕ್ಕೊಂದು ಕೂಡಿಕೊಳ್ಳುತ್ತಾ ಹರಡಿದ ಬಲೆ ಅದು.

ಎರಡನೇ ಸಾಲಿಗೂ ಅವಕಾಶ ಕೊಟ್ಟರೆ: ಇದು ಯಾವುದೋ ಒಂದು ಜಾತಿಯ ಹೆಸರಲ್ಲ. ಸಾವಿರಾರು ಜಾತಿಯ ಶಿಲೀಂಧ್ರಗಳು ಬದುಕುವ ರೀತಿಗೆ ಇರುವ ಹೆಸರು. ಹಾಗಾಗಿ "ಮೈಸೀಲಿಯಂ ಸಿಕ್ಕಿತು" ಎಂದು ಯಾರಾದರೂ ಹೇಳಿದರೆ "ಯಾವುದರದ್ದು?" ಎಂದು ಕೇಳಲೇಬೇಕು.

ಹಾಗಾದ್ರೆ ಅದು ಅಣಬೆಯ ಬೇರು, ಅಲ್ವಾ?

ಅಲ್ಲ. ಈ ತಪ್ಪು ಎಲ್ಲ ಕಡೆ ಇದೆ. ಎಷ್ಟೋ ಲೇಖನಗಳು "ಬೇರಿನಂಥ ಜಾಲ" ಎಂದೇ ಶುರುವಾಗುತ್ತವೆ.

ಬೇರು ಗಿಡದ ಒಂದು ಅಂಗ. ಗಿಡದ ಆಹಾರ ತಯಾರಾಗುವುದು ಎಲೆಯಲ್ಲಿ. ಶಿಲೀಂಧ್ರಕ್ಕೆ ಎಲೆ, ಕಾಂಡ ಯಾವುದೂ ಇಲ್ಲ. ತಿನ್ನುವುದು, ಬೆಳೆಯುವುದು, ಜೋಡಿ ಹುಡುಕುವುದು, ಕಷ್ಟಕಾಲದಲ್ಲಿ ಸುಮ್ಮನೆ ಬಿದ್ದಿರುವುದು ಎಲ್ಲವೂ ಮೈಸೀಲಿಯಂದೇ ಕೆಲಸ. ಅಣಬೆಯ ಕೆಲಸ ಒಂದೇ, ಬೀಜಕ (ಹೊಸ ಶಿಲೀಂಧ್ರ ಹುಟ್ಟುವ ಪುಡಿಯಂಥ ಕಣ) ಚೆಲ್ಲುವುದು. ಇಡೀ ಮರ ಮಣ್ಣೊಳಗೆ ಹೂತುಹೋಗಿ ಹಣ್ಣು ಮಾತ್ರ ಮೇಲೆ ಕಂಡರೆ ಹೇಗಿರುತ್ತದೆ, ಅಣಬೆಯ ಸಂಗತಿ ಹಾಗೆ. ಹಣ್ಣಿನ ಕಡೆಯಿಂದ ನೋಡಿ ಮರವನ್ನೇ "ಹಣ್ಣಿನ ಬೇರು" ಅನ್ನುವುದಿಲ್ಲವಲ್ಲ.

ಬೂಷ್ಟು, ಅಣಬೆ, ಶಿಲೀಂಧ್ರ, ಮೈಸೀಲಿಯಂ ಎಲ್ಲಾ ಒಂದೇನಾ?

ಶಿಲೀಂಧ್ರ ಇಡೀ ಬಳಗದ ಹೆಸರು. 1969ರಲ್ಲಿ ವಿಟೇಕರ್ ಜೀವಿಗಳನ್ನು ಐದು ಸಾಮ್ರಾಜ್ಯಗಳಾಗಿ ವಿಂಗಡಿಸಿದಾಗ ಇವಕ್ಕೆ ಸಸ್ಯಗಳಿಂದ ಬೇರೆ ಮನೆ ಸಿಕ್ಕಿತು. ಅಣಬೆ ಕೆಲವು ಶಿಲೀಂಧ್ರಗಳು ಬಿಡುವ ಫಲ. ನಾಯಿಕೊಡೆಯೂ ಅದರಲ್ಲೇ ಬಂತು. ಬೂಷ್ಟು ಎಂದು ನಾವು ಕರೆಯುವುದು ಹಳಸಿದ ತಿಂಡಿ, ಒದ್ದೆ ಗೋಡೆ, ಚರ್ಮದ ಚಪ್ಪಲಿಗಳ ಮೇಲೆ ಹರಡುವ ಸಣ್ಣ ಶಿಲೀಂಧ್ರಗಳನ್ನು. ಅವು ಅಣಬೆ ಬಿಡುವುದಿಲ್ಲ. ಆದರೆ ಬೂಷ್ಟಿಗೂ ಅಣಬೆ ಬಿಡುವ ಶಿಲೀಂಧ್ರಕ್ಕೂ ಮೈ ಮಾತ್ರ ಒಂದೇ ಥರದ್ದು. ಅದೇ ಮೈಸೀಲಿಯಂ.

ಕನ್ನಡದಲ್ಲಿ ಇದಕ್ಕೆ ಪದ ಇಲ್ವಾ? ಇಂಗ್ಲಿಷ್ ಪದವನ್ನೇ ಯಾಕೆ ಎಳ್ಕೊಂಡು ಬರ್ತೀರಿ?

ಇದೆ. ಕವಕಜಾಲ, ಶಿಲೀಂಧ್ರಜಾಲ, ತಂತುಜಾಲ ಎಂದೆಲ್ಲ ಬರೆಯುತ್ತಾರೆ. ಕವಕ ಸಂಸ್ಕೃತದ ಪದ, ಅಣಬೆ ಎಂದೇ ಅರ್ಥ. ನನಗೆ ಮೂರರಲ್ಲಿ ಶಿಲೀಂಧ್ರಜಾಲ ಇಷ್ಟ, ಓದಿದ ಕೂಡಲೇ ಅರ್ಥವಾಗುತ್ತದೆ. ಪಾಠದ ಬರಹಕ್ಕೆ ಅದನ್ನೇ ಬಳಸಿ. ಮಾತಿನಲ್ಲಿ ಮಾತ್ರ ಅಣಬೆ ಬೆಳೆಯುವವರೂ ವಿದ್ಯಾರ್ಥಿಗಳೂ ಮೈಸೀಲಿಯಂ ಅಂತಲೇ ಅನ್ನುತ್ತಾರೆ, ಹಾಗಾಗಿ ಇಲ್ಲಿ ಅದನ್ನು ಉಳಿಸಿಕೊಂಡಿದ್ದೇನೆ. ಅಂದ ಹಾಗೆ ಅದು ಇಂಗ್ಲಿಷಿನದ್ದೂ ಅಲ್ಲ. ಅಣಬೆಗೆ ಗ್ರೀಕ್ ಭಾಷೆಯಲ್ಲಿ ಇರುವ "ಮೈಕೀಸ್" ಎಂಬ ಪದದಿಂದ 19ನೇ ಶತಮಾನದ ವಿಜ್ಞಾನಿಗಳು ಲ್ಯಾಟಿನ್ ರೂಪದಲ್ಲಿ ಕಟ್ಟಿಕೊಂಡದ್ದು. ಮೈಕಾಲಜಿ, ಮೈಕೋರೈಝಾ, ಸ್ಟ್ರೆಪ್ಟೊಮೈಸಿನ್ ಎಲ್ಲವೂ ಅದೇ ಬುಡದವು. ನಮ್ಮ "ಮೈ"ಗೂ ಇದಕ್ಕೂ ನಂಟಿಲ್ಲ. ಆದರೂ ನೆನಪಿಟ್ಟುಕೊಳ್ಳಲು ಅನುಕೂಲವಾಗಿದೆ, ಶಿಲೀಂಧ್ರದ ಮೈ ಮೈಸೀಲಿಯಂ.

ಬಹುವಚನ ಏನು? ಮೈಸೀಲಿಯಾ ಅಂತ ಬರೀಬೇಕಾ?

ಲ್ಯಾಟಿನ್ನಿನಲ್ಲಿ ಮೈಸೀಲಿಯಾ. ಕನ್ನಡದಲ್ಲಿ ಮೈಸೀಲಿಯಂಗಳು ಅಂದರೆ ಸಾಕು. "ಮೈಸೀಲಿಯಾಗಳು" ಅಂದರೆ ಬಹುವಚನದ ಮೇಲೆ ಇನ್ನೊಂದು ಬಹುವಚನ ಹೇರಿದಂತಾಗುತ್ತದೆ.

ಹೈಫಾ ಅಂತ ಇನ್ನೊಂದು ಪದ ಇದೆಯಲ್ಲ, ಅದು ಬೇರೆನಾ?

ಒಂದು ಎಳೆ ಹೈಫಾ, ಎಳೆಗಳೆಲ್ಲ ಸೇರಿದ ಬಲೆ ಮೈಸೀಲಿಯಂ. ಒಂದೊಂದು ಎಳೆಯ ದಪ್ಪ ಸಾಮಾನ್ಯವಾಗಿ 2ರಿಂದ 10 ಮೈಕ್ರೋಮೀಟರ್. ತಲೆಗೂದಲು ಇದಕ್ಕಿಂತ ಎಷ್ಟೋ ಪಟ್ಟು ದಪ್ಪ.

ಬರಿಗಣ್ಣಿಗೆ ಕಾಣುತ್ತಾ? ನಾನು ನೋಡಿದ್ದೀನಾ ಇಲ್ವಾ ಅಂತ ಹೇಗೆ ಗೊತ್ತಾಗೋದು?

ಒಂಟಿ ಎಳೆ ಕಾಣುವುದಿಲ್ಲ, ಗುಂಪು ಕಾಣುತ್ತದೆ. ನೀವು ಖಂಡಿತ ನೋಡಿರುತ್ತೀರಿ.

ಮರದ ಕೆಳಗೆ ಕೊಳೆಯುತ್ತಿರುವ ಎಲೆಗಳ ರಾಶಿ ಇದ್ದರೆ ಮೇಲಿನ ಒಣ ಎಲೆಗಳನ್ನು ಸರಿಸಿ. ಕೆಳಗೆ ಕಂದು ಬಣ್ಣಕ್ಕೆ ತಿರುಗಿ, ಒಂದಕ್ಕೊಂದು ಅಂಟಿಕೊಂಡಿರುವ ಎಲೆಗಳು ಸಿಗುತ್ತವೆ. ಅವುಗಳಲ್ಲಿ ಒಂದನ್ನು ಮೆಲ್ಲಗೆ ಬಿಡಿಸಿ. ಬೆನ್ನಿನ ಮೇಲೆ ಬಿಳಿ ಗೆರೆಗಳು ಬೀಸಣಿಗೆಯ ಆಕಾರದಲ್ಲಿ ಹರಡಿರುತ್ತವೆ. ಒಂದು ಕಡೆ ದಪ್ಪ, ಅಂಚಿಗೆ ಹೋದಂತೆ ತೆಳುವಾಗಿ ಮಂಜಿನಂತೆ ಮರೆಯಾಗುತ್ತವೆ. ಆ ಅಂಚೇ ಬೆಳೆಯುವ ತುದಿ. ಎರಡು ಎಲೆಗಳನ್ನು ಅಂಟಿಸಿ ಹಿಡಿದದ್ದೂ ಅದೇ. ಬೆರಳಿನಿಂದ ಎಳೆದರೆ ಪಟಕ್ಕನೆ ಕಡಿಯುತ್ತದೆ. ಬೇರಾಗಿದ್ದರೆ ನಾರಿನಂತೆ ಎಳೆದುಕೊಂಡು ಬರುತ್ತಿತ್ತು. ನೋಡಿ ಆದ ಮೇಲೆ ಎಲೆ ಮುಚ್ಚಿಬಿಡಿ, ಬಿಸಿಲಿಗೆ ಬೇಗ ಒಣಗುತ್ತದೆ.

## ಸ್ವಲ್ಪ ಒಳಗೆ ಹೋದರೆ

ಬ್ರೆಡ್ ಮೇಲೆ ಹಸಿರು ಬೂಷ್ಟು ಬಂದಿದೆ. ಅಷ್ಟು ಭಾಗ ಕಿತ್ತು ಹಾಕಿ ಉಳಿದದ್ದು ತಿನ್ನಬಹುದಾ?

ಬೇಡ. ಪದದ ಅರ್ಥ ಗೊತ್ತಿದ್ದರೆ ಕಾರಣವೂ ತಿಳಿಯುತ್ತದೆ. ಮೈಸೀಲಿಯಂ ಹೆಚ್ಚಾಗಿ ಬಿಳಿ, ಇಲ್ಲವೇ ಬಣ್ಣವೇ ಇಲ್ಲದ್ದು. ಹಸಿರು, ಕಪ್ಪು ಬಣ್ಣ ಬರುವುದು ಬೀಜಕಗಳಿಂದ. ಅಂದರೆ ಹಸಿರು ಕಾಣಿಸುವ ಹೊತ್ತಿಗೆ ಶಿಲೀಂಧ್ರ ತಿಂದು, ಬೆಳೆದು, ಬೀಜಕ ಬಿಡುವ ಹಂತಕ್ಕೆ ಬಂದಾಗಿದೆ. ಕಣ್ಣಿಗೆ ಕಾಣದ ಎಳೆಗಳು ಬ್ರೆಡ್ಡಿನ ಮೆತ್ತನೆಯ ಒಡಲಿನಲ್ಲಿ ಆ ಕಲೆಯಿಂದಾಚೆಗೂ ಹೋಗಿರುತ್ತವೆ.

ಕೆಲವು ಬೂಷ್ಟುಗಳು ವಿಷವನ್ನೂ ಬಿಡುತ್ತವೆ. ಕಡಲೆಕಾಯಿ, ಮೆಕ್ಕೆಜೋಳದಲ್ಲಿ ಆಸ್ಪರ್ಜಿಲಸ್ ಫ್ಲೇವಸ್ ಬೆಳೆದು ಬಿಡುವ ಅಫ್ಲಾಟಾಕ್ಸಿನ್ ಅಂಥದ್ದು. ಅಡುಗೆಯ ಬಿಸಿಗೆ ಅದು ಪೂರ್ತಿ ಹೋಗುವುದಿಲ್ಲ. "ಸುಟ್ಟು ತಿಂದರೆ ಆಯ್ತು" ಅನ್ನುವವರಿಗೆ ಇದನ್ನು ಹೇಳಿ. ಗಟ್ಟಿ ಚೀಸಿನ ವಿಷಯದಲ್ಲಿ ಮಾತ್ರ ಬೂಷ್ಟಿನ ಸುತ್ತ, ಕೆಳಗೆ ಒಂದಂಗುಲ ಕತ್ತರಿಸಿ ತೆಗೆದು ಉಳಿದದ್ದನ್ನು ಬಳಸಬಹುದು ಎನ್ನುತ್ತಾರೆ. ಗಟ್ಟಿ ವಸ್ತುವಿನೊಳಗೆ ಎಳೆಗಳು ಸುಲಭವಾಗಿ ನುಗ್ಗಲಾರವು.

ಅಣಬೆ ಬೆಳೆಸೋರು ಬೀಜ ಅಂತಾರಲ್ಲ, ಅದು ಬೀಜನಾ ಬೀಜಕನಾ?

ಎರಡೂ ಅಲ್ಲ, ಅದು ಮೈಸೀಲಿಯಂ. ಬೇಯಿಸಿ, ಕ್ರಿಮಿಶುದ್ಧ ಮಾಡಿದ ಜೋಳ ಅಥವಾ ಗೋಧಿ ಕಾಳಿನ ಮೇಲೆ ಶಿಲೀಂಧ್ರವನ್ನು ಹಬ್ಬಿಸಿರುತ್ತಾರೆ. ಕಾಳು ಬರೀ ವಾಹನ. ಬೀಜಕದಿಂದ ಶುರು ಮಾಡಿದರೆ ಪ್ರತಿ ಸಲ ಬೇರೆ ಬೇರೆ ಗುಣದ ತಳಿ ಬರಬಹುದು. ಮೈಸೀಲಿಯಂ ತುಂಡಿನಿಂದ ಶುರು ಮಾಡಿದರೆ ಅದೇ ತಳಿ ಮುಂದುವರಿಯುತ್ತದೆ.

ಈ ಬೀಜವನ್ನು ಹುಲ್ಲಿಗೆ ಬೆರೆಸಿದ ಮೇಲೆ ಚೀಲವೆಲ್ಲ ಬೆಳ್ಳಗಾಗುವ ಹಂತಕ್ಕೆ "ಸ್ಪಾನ್ ರನ್" ಎನ್ನುತ್ತಾರೆ. ಈ ಹಂತದಲ್ಲಿ ಬರುವ ಮೂರು ಗಾಬರಿಗಳಿಗೆ ಇಲ್ಲೇ ಉತ್ತರ ಹೇಳಿಬಿಡುತ್ತೇನೆ. ಬಿಳಿ ಹತ್ತಿಯಂತೆ ಉಬ್ಬಿದ್ದರೆ ತೊಂದರೆ ಇಲ್ಲ, ಅದೇ ಮೈಸೀಲಿಯಂ. ಹಳದಿ ಬಣ್ಣದ ನೀರಿನ ಹನಿ ಕಂಡರೆ ಅದು ಮೈಸೀಲಿಯಂ ಹೊರಹಾಕಿದ ದ್ರವ. ಸ್ವಲ್ಪ ಇದ್ದರೆ ಸರಿ, ಜಾಸ್ತಿ ಇದ್ದರೆ ಬ್ಯಾಕ್ಟೀರಿಯಾದಂಥ ಯಾವುದೋ ಕಾಟ ಇರಬಹುದು. ಹಸಿರು ಪುಡಿ ಕಂಡರೆ ಮಾತ್ರ ಆ ಚೀಲವನ್ನು ಬೇರೆ ಚೀಲಗಳಿಂದ ದೂರ ಒಯ್ಯಿರಿ, ಒಳಗೆ ಬಿಚ್ಚಬೇಡಿ. ಅದು ಹೆಚ್ಚಾಗಿ ಟ್ರೈಕೊಡರ್ಮಾ. ಅದೂ ಶಿಲೀಂಧ್ರವೇ, ಅದಕ್ಕೂ ಮೈಸೀಲಿಯಂ ಇದೆ. ನಿಮ್ಮ ಅಣಬೆಯ ಮೈಸೀಲಿಯಂ ಅನ್ನೇ ತಿನ್ನುತ್ತದೆ, ಅಷ್ಟೇ.

ಅಣಬೆ ರಾತ್ರಿ ಬೆಳಗಾಗೋದ್ರಲ್ಲಿ ಹೇಗೆ ಏಳುತ್ತೆ?

ಏಳುವುದಷ್ಟೇ ಒಂದು ರಾತ್ರಿಯ ಕೆಲಸ. ತಯಾರಿ ಎಷ್ಟೋ ದಿನಗಳದ್ದು. ಮೈಸೀಲಿಯಂನ ಎಳೆಗಳು ಒಂದು ಕಡೆ ಗಂಟುಕಟ್ಟಿ, ಗುಂಡುಸೂಜಿಯ ತಲೆಯಷ್ಟು ಮೊಗ್ಗಾಗುತ್ತವೆ. ಟೊಪ್ಪಿ, ಕಾಲು ಎಲ್ಲವೂ ಆ ಮೊಗ್ಗಿನೊಳಗೇ ರೂಪುಗೊಂಡಿರುತ್ತವೆ. ಮಳೆ ಬಂದು ನೀರು ಸಿಕ್ಕಾಗ ಜೀವಕೋಶಗಳು ನೀರು ಹೀರಿ ಉಬ್ಬುತ್ತವೆ. ಅಣಬೆಯನ್ನು ಉದ್ದಕ್ಕೆ ಸೀಳಿದರೆ ನಾರುನಾರಾಗಿ ಬಿಡಿಸಿಕೊಳ್ಳುತ್ತದೆ ನೋಡಿ, ಅವೂ ಹೈಫಾಗಳೇ, ಒತ್ತೊತ್ತಾಗಿ ಹೆಣೆದುಕೊಂಡಿರುತ್ತವೆ ಅಷ್ಟೇ.

ಅಣಬೆ ಕಿತ್ತರೆ ಮೈಸೀಲಿಯಂ ಸಾಯುತ್ತಾ?

ಇಲ್ಲ. ಆದರೆ ಮಣ್ಣು ಕೆದಕಿ, ತುಳಿದು ಗಟ್ಟಿ ಮಾಡಿದರೆ ಅದಕ್ಕೆ ಪೆಟ್ಟಾಗುತ್ತದೆ.

ಹುಲ್ಲಿನ ಮೇಲೆ ಅಣಬೆ ಉಂಗುರದ ಥರ ಏಳೋದು ಯಾಕೆ? ಯಾರೋ ನೆಟ್ಟ ಹಾಗಿರುತ್ತೆ.

ಮೈಸೀಲಿಯಂ ಒಂದು ಬಿಂದುವಿನಿಂದ ಶುರುವಾಗಿ ಎಲ್ಲ ದಿಕ್ಕಿಗೂ ಒಂದೇ ಸಮ ಹರಡುತ್ತದೆ. ನಡುವಿನ ಮಣ್ಣಿನಲ್ಲಿ ಆಹಾರ ಮುಗಿಯುತ್ತದೆ, ಅಲ್ಲಿನ ಹಳೆಯ ಎಳೆಗಳು ಸಾಯುತ್ತವೆ. ಜೀವಂತವಾಗಿ ಉಳಿಯುವುದು ಹೊರಗಿನ ಪಟ್ಟಿ. ಅಣಬೆ ಏಳುವುದೂ ಅಲ್ಲೇ. ಉಂಗುರ ವರ್ಷವರ್ಷವೂ ಅಗಲವಾಗುತ್ತಾ ಹೋಗುತ್ತದೆ. ಯುರೋಪಿನಲ್ಲಿ ಇದನ್ನು ಯಕ್ಷಿಣಿಯರು ಕುಣಿದ ಜಾಗ ಅನ್ನುತ್ತಿದ್ದರು. ಮರಾಸ್ಮಿಯಸ್ ಓರಿಯಾಡಿಸ್ ಎಂಬ ಅಣಬೆ ಈ ಉಂಗುರಕ್ಕೆ ಹೆಸರುವಾಸಿ.

ಯೀಸ್ಟ್ ಕೂಡ ಶಿಲೀಂಧ್ರ ಅಂತಾರೆ. ಅದಕ್ಕೂ ಮೈಸೀಲಿಯಂ ಇದೆಯಾ?

ಬ್ರೆಡ್ಡಿಗೆ ಹಾಕುವ ಯೀಸ್ಟ್ ಬದುಕುವುದು ಬಿಡಿ ಬಿಡಿ ಕೋಶಗಳಾಗಿ, ಹಾಗಾಗಿ ಅದಕ್ಕೆ ಈ ಪದ ಹೊಂದುವುದಿಲ್ಲ. ಎಲ್ಲ ಮೈಸೀಲಿಯಂ ಶಿಲೀಂಧ್ರದ್ದು ಅನ್ನಲು ಬರುವುದಿಲ್ಲ (ಮುಂದಿನ ಪ್ರಶ್ನೆ ನೋಡಿ), ಎಲ್ಲ ಶಿಲೀಂಧ್ರಕ್ಕೂ ಮೈಸೀಲಿಯಂ ಇದೆ ಅನ್ನಲೂ ಬರುವುದಿಲ್ಲ. ನಡುವೆ ಇರುವವೂ ಇವೆ. ಮನುಷ್ಯರ ಬಾಯಿ, ಕರುಳಿನಲ್ಲಿರುವ ಕ್ಯಾಂಡಿಡಾ ಆಲ್ಬಿಕನ್ಸ್ ಒಂದು ಸಂದರ್ಭದಲ್ಲಿ ಯೀಸ್ಟಿನಂತೆ ಇರುತ್ತದೆ, ಇನ್ನೊಂದರಲ್ಲಿ ಎಳೆ ಬಿಡುತ್ತದೆ.

ಬ್ಯಾಕ್ಟೀರಿಯಾ ಪಾಠದಲ್ಲೂ ಮೈಸೀಲಿಯಂ ಅಂತ ಓದಿದೆ. ಅಚ್ಚಿನ ತಪ್ಪಾ?

ತಪ್ಪಲ್ಲ. ಸ್ಟ್ರೆಪ್ಟೊಮೈಸಿಸ್ ಥರದ ಕೆಲವು ಬ್ಯಾಕ್ಟೀರಿಯಾಗಳು ಎಳೆ ಎಳೆಯಾಗಿ ಕವಲೊಡೆದು ಬೆಳೆಯುತ್ತವೆ. ಮೊದಲು ನೋಡಿದವರು ಶಿಲೀಂಧ್ರ ಎಂದೇ ತಿಳಿದರು. ಹೆಸರಿನಲ್ಲಿ "ಮೈಸಿಸ್" ಉಳಿದಿರುವುದು ಅದಕ್ಕೇ. ಜಾತಿ ಬೇರೆ ಎಂದು ತಿಳಿದ ಮೇಲೂ ಆಕಾರಕ್ಕೆ ಇಟ್ಟ ಪದ ಹಾಗೇ ನಿಂತಿತು. ಅವುಗಳ ಎಳೆ ಶಿಲೀಂಧ್ರದ ಎಳೆಗಿಂತ ಇನ್ನೂ ಸಣ್ಣ. ಮೊದಲ ಮಳೆಗೆ ಮಣ್ಣಿನಿಂದ ಬರುವ ಘಮಕ್ಕೆ ಕಾರಣವಾದ ಜಿಯೋಸ್ಮಿನ್ ಇವು ತಯಾರಿಸುವ ವಸ್ತು.

ಟೋಕಿಯೋ ರೈಲು ಮಾರ್ಗವನ್ನು ಮೈಸೀಲಿಯಂ ಬಿಡಿಸಿ ತೋರಿಸಿತಂತೆ, ನಿಜನಾ?

ಪ್ರಯೋಗ ನಿಜ, ಜೀವಿ ಬೇರೆ. 2010ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಬಳಸಿದ್ದು ಫೈಸಾರಂ ಎಂಬ ಲೋಳೆ ಜೀವಿ. ಊರುಗಳು ಇರುವಲ್ಲಿ ಓಟ್ಸ್ ಇಟ್ಟಿದ್ದರು. ಅದು ಅವುಗಳ ನಡುವೆ ಹರಡಿ, ರೈಲು ಜಾಲವನ್ನು ಹೋಲುವ ದಾರಿಗಳನ್ನು ಉಳಿಸಿಕೊಂಡಿತು. ಫೈಸಾರಂ ಶಿಲೀಂಧ್ರವಲ್ಲ, ಅದರ ಬಲೆ ಹೈಫಾಗಳಿಂದ ಆದದ್ದಲ್ಲ. ಅದನ್ನು ಮೈಸೀಲಿಯಂ ಅನ್ನುವಂತಿಲ್ಲ.

## ಓದಿಕೊಂಡವರು ಕೇಳುವುದು

ಮೈಸೀಲಿಯಂ ಬಾಯಿಲ್ಲದೆ ತಿನ್ನುವುದು ಹೇಗೆ?

ನಾವು ನುಂಗಿ ಆಮೇಲೆ ಅರಗಿಸಿಕೊಳ್ಳುತ್ತೇವೆ. ಅದು ಹೊರಗೇ ಅರಗಿಸಿ ಆಮೇಲೆ ಹೀರುತ್ತದೆ. ಎಳೆ ಬೆಳೆಯುವುದು ತುದಿಯಲ್ಲಿ ಮಾತ್ರ. ಒಳಗಿನ ಒತ್ತಡ ತುದಿಯನ್ನು ಮುಂದಕ್ಕೆ ತಳ್ಳುತ್ತದೆ, ಒಳಗಿನಿಂದ ಸಣ್ಣ ಚೀಲಗಳಲ್ಲಿ ಹೊಸ ಗೋಡೆಯ ಸಾಮಾನು ಬರುತ್ತಲೇ ಇರುತ್ತದೆ. ಜೊತೆಗೆ ಕಿಣ್ವಗಳೂ ಬಂದು ಹೊರಗೆ ಸುರಿಯುತ್ತವೆ. ಮರ, ಎಲೆ, ಹುಲ್ಲು ಕರಗಿದ ಮೇಲೆ ಎಳೆಯ ಗೋಡೆ ಆ ರಸವನ್ನು ಹೀರುತ್ತದೆ. ಗೋಡೆಯಲ್ಲಿ ಕೈಟಿನ್ ಇದೆ. ಕೀಟಗಳ ಚಿಪ್ಪಿನಲ್ಲೂ ಇರುವುದು ಅದೇ. ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಅನ್ನು ಪೂರ್ತಿ ಒಡೆಯುವ ಕೆಲಸದಲ್ಲಿ ಕೆಲವು ಶಿಲೀಂಧ್ರಗಳಿಗೆ ಸಾಟಿ ಇಲ್ಲ.

ಬಲೆಯ ಆಕಾರ ಯಾಕೆ ಅಂದರೆ ಇದಕ್ಕೇ. ಹೀರುವ ಜೀವಿಗೆ ಹೊರಮೈ ಎಷ್ಟು ಜಾಸ್ತಿ ಇದ್ದರೆ ಅಷ್ಟು ಒಳ್ಳೆಯದು. ವೇಗದ ಮಾತು ಬಂದರೆ, ನ್ಯೂರೋಸ್ಪೊರಾ ಎಂಬ ಬೂಷ್ಟು ಗಂಟೆಗೆ 3-4 ಮಿಲಿಮೀಟರ್ ಮುಂದೆ ಹೋಗಬಲ್ಲದು.

ಪ್ರಾಥಮಿಕ, ದ್ವಿತೀಯ ಮೈಸೀಲಿಯಂ ಅಂತ ಪುಸ್ತಕದಲ್ಲಿದೆ. ಸುಲಭವಾಗಿ ಹೇಳ್ತೀರಾ?

ಅಣಬೆ ಬಿಡುವ ಬಹುಪಾಲು ಶಿಲೀಂಧ್ರಗಳ ಕತೆ ಇದು. ಬೀಜಕ ಮೊಳೆತು ಬರುವ ಬಲೆಯ ಕೋಶಗಳಲ್ಲಿ ಒಂದೊಂದೇ ನ್ಯೂಕ್ಲಿಯಸ್ ಇರುತ್ತದೆ. ಅದು ಪ್ರಾಥಮಿಕ. ಹೊಂದುವ ಇನ್ನೊಂದು ಬಲೆ ಎದುರಾದರೆ ಎರಡರ ಎಳೆಗಳು ಕೂಡುತ್ತವೆ. ಆದರೆ ನ್ಯೂಕ್ಲಿಯಸ್‌ಗಳು ಕೂಡುವುದಿಲ್ಲ! ಒಂದೇ ಕೋಶದಲ್ಲಿ ಎರಡೂ ಅಕ್ಕಪಕ್ಕ ಇದ್ದು, ಜೊತೆಜೊತೆಗೇ ವಿಭಜನೆಯಾಗುತ್ತಾ ವರ್ಷಗಟ್ಟಲೆ ಸಾಗುತ್ತವೆ. ಇದು ದ್ವಿತೀಯ ಮೈಸೀಲಿಯಂ. ಕೊನೆಗೆ ಅಣಬೆ ಎದ್ದು, ಅದರ ಟೊಪ್ಪಿಯ ಕೆಳಗಿನ ಕೋಶಗಳಲ್ಲಿ ಎರಡೂ ಒಂದಾಗಿ, ಕೂಡಲೇ ಬೀಜಕಗಳಿಗಾಗಿ ಒಡೆಯುತ್ತವೆ.

"ಹೊಂದುವ" ಅಂದೆನಲ್ಲ, ಅಲ್ಲಿ ಗಂಡು ಹೆಣ್ಣು ಎಂಬ ಎರಡೇ ಬಗೆ ಇಲ್ಲ. ಶೈಜೊಫಿಲಮ್ ಕಮ್ಯೂನ್ ಎಂಬ ಪುಟ್ಟ ಅಣಬೆಯಲ್ಲಿ ಇಂಥ ಬಗೆಗಳು 20 ಸಾವಿರಕ್ಕೂ ಹೆಚ್ಚು.

ಪ್ರಪಂಚದ ಅತಿ ದೊಡ್ಡ ಜೀವಿ ಮೈಸೀಲಿಯಂ ಅನ್ನೋದು ಉತ್ಪ್ರೇಕ್ಷೆ ಅಲ್ವಾ?

ವಿಸ್ತಾರದ ಲೆಕ್ಕದಲ್ಲಿ ಅಲ್ಲ. ಅಮೆರಿಕದ ಆರೆಗನ್ ರಾಜ್ಯದ ಮಾಲ್ಹೂರ್ ಕಾಡಿನಲ್ಲಿ ಆರ್ಮಿಲೇರಿಯಾ ಓಸ್ಟೊಯೆ ಎಂಬ ಶಿಲೀಂಧ್ರ ಸುಮಾರು 9.6 ಚದರ ಕಿಲೋಮೀಟರ್ ಹರಡಿದೆ. ಅದಕ್ಕೂ ಮೊದಲು, 1992ರಲ್ಲಿ, ಮಿಷಿಗನ್ನಿನ ಕಾಡಿನಲ್ಲಿ ಅದೇ ಬಳಗದ ಇನ್ನೊಂದು 15 ಹೆಕ್ಟೇರ್ ಇದೆ ಎಂದು ಪ್ರಕಟವಾಗಿತ್ತು. ಅದೇ ತಂಡದವರು 2018ರಲ್ಲಿ ಮತ್ತೆ ಅಳೆದಾಗ 37 ಹೆಕ್ಟೇರ್ ಆಯಿತು. ವಯಸ್ಸು ಸುಮಾರು 2,500 ವರ್ಷ, ತೂಕ ಸುಮಾರು 4 ಲಕ್ಷ ಕಿಲೋ ಎಂದು ಅಂದಾಜು.

ಒಂದು ಎಚ್ಚರ ಮಾತ್ರ ಬೇಕು. ಬೇರೆ ಬೇರೆ ಜಾಗದಿಂದ ತೆಗೆದ ತುಂಡುಗಳ ವಂಶವಾಹಿ ಒಂದೇ ಎಂಬುದು ಇಲ್ಲಿ ತೋರಿಸಿದ ಸಂಗತಿ. ಈ ತುದಿಯಿಂದ ಆ ತುದಿವರೆಗೆ ಎಳೆ ಎಲ್ಲೂ ಕಡಿದಿಲ್ಲ ಎಂದಲ್ಲ. ಹಾಗಾಗಿ "ಒಂದು ಜೀವಿ" ಅನ್ನುವಾಗ ನಾವು ಪ್ರಾಣಿಗಳ ಅಳತೆಗೋಲನ್ನು ಹಿಡಿದಿರುತ್ತೇವೆ. ಮೈಸೀಲಿಯಂಗೆ ಅದು ಅಷ್ಟಾಗಿ ಒಪ್ಪುವುದಿಲ್ಲ. ತುಂಡು ಮಾಡಿದರೆ ಎರಡೂ ಬದುಕುತ್ತವೆ, ಮತ್ತೆ ತಾಗಿದರೆ ಒಂದಾಗುತ್ತವೆ.

ಮೈಕೋರೈಝಾನೂ ಮೈಸೀಲಿಯಂನೂ ಒಂದೇ ಅಂತ ಬರೆದಿದ್ದಾರೆ, ಸರಿನಾ?

ಸರಿಯಲ್ಲ. ಮೈಕೋರೈಝಾ ಅಂದರೆ ಗಿಡದ ಬೇರು ಮತ್ತು ಶಿಲೀಂಧ್ರದ ಕೂಡುಬಾಳು. ಪದವನ್ನು 1885ರಲ್ಲಿ ಕೊಟ್ಟವರು ಜರ್ಮನಿಯ ಆಲ್ಬರ್ಟ್ ಬರ್ನ್‌ಹಾರ್ಡ್ ಫ್ರಾಂಕ್. ಶಿಲೀಂಧ್ರ ರಂಜಕ, ನೀರು ತಂದುಕೊಡುತ್ತದೆ, ಗಿಡ ಸಕ್ಕರೆ ಕೊಡುತ್ತದೆ. ನೆಲದ ಮೇಲಿನ ಬಹುಪಾಲು ಗಿಡಗಳಿಗೆ ಈ ನಂಟಿದೆ. ಇಲ್ಲಿ ಮೈಸೀಲಿಯಂ ಒಬ್ಬ ಪಾಲುದಾರ, ಮೈಕೋರೈಝಾ ಆ ಪಾಲುದಾರಿಕೆಯ ಹೆಸರು. ಕೊಳೆತ ಎಲೆಯನ್ನು ತಿನ್ನುವ ಮೈಸೀಲಿಯಂಗೆ ಇಂಥ ಪಾಲುದಾರಿಕೆಯೇ ಬೇಕಿಲ್ಲ.

ಮರಗಳು ಮೈಸೀಲಿಯಂ ಮೂಲಕ ಮಾತಾಡ್ತವೆ, ತಾಯಿ ಮರ ಮಕ್ಕಳಿಗೆ ಊಟ ಕಳಿಸುತ್ತೆ ಅಂತಾರಲ್ಲ?

1997ರಲ್ಲಿ ಸುಝಾನ್ ಸಿಮಾರ್ಡ್ ಮತ್ತು ಸಂಗಡಿಗರು ಕೆನಡಾದ ಕಾಡಿನಲ್ಲಿ ಬರ್ಚ್ ಹಾಗೂ ಡಗ್ಲಸ್ ಫರ್ ಸಸಿಗಳ ನಡುವೆ ಇಂಗಾಲ ಸಾಗುವುದನ್ನು ಗುರುತು ಹಾಕಿದ ಇಂಗಾಲದಿಂದ ತೋರಿಸಿದರು. ನೇಚರ್ ಪತ್ರಿಕೆ ಅದನ್ನು "ವುಡ್ ವೈಡ್ ವೆಬ್" ಎಂದು ಕರೆಯಿತು. ಅಲ್ಲಿಂದ ಮುಂದೆ ಕತೆ ಸಂಶೋಧನೆಗಿಂತ ವೇಗವಾಗಿ ಬೆಳೆಯಿತು. 2023ರಲ್ಲಿ ಜಸ್ಟಿನ್ ಕಾರ್ಸ್ಟ್ ಮತ್ತಿಬ್ಬರು ಅದುವರೆಗಿನ ಅಧ್ಯಯನಗಳನ್ನೆಲ್ಲ ಪರಿಶೀಲಿಸಿ, ಕಾಡಿನಲ್ಲಿ ಇಂಥ ಜಾಲ ವ್ಯಾಪಕವಾಗಿದೆ, ಸಸಿಗಳಿಗೆ ಅದರಿಂದ ಲಾಭ, ದೊಡ್ಡ ಮರಗಳು ತಮ್ಮ ಸಂತಾನವನ್ನು ಗುರುತಿಸಿ ನೆರವಾಗುತ್ತವೆ ಎಂಬ ಮಾತುಗಳಿಗೆ ಸಾಕಷ್ಟು ಆಧಾರ ಇಲ್ಲ ಎಂದರು.

ನನ್ನ ನಿಲುವು ಇದು: ಬೇರುಗಳನ್ನು ಎಳೆಗಳು ಜೋಡಿಸಬಲ್ಲವು, ಇಂಗಾಲ ಸ್ವಲ್ಪ ಅತ್ತಿತ್ತ ಹೋಗಬಲ್ಲದು. ಅದನ್ನು ಮಾತುಕತೆ, ಮಮತೆ ಅಂದಾಗ ನಡುವೆ ಇರುವ ಶಿಲೀಂಧ್ರವೇ ಮರೆತುಹೋಗುತ್ತದೆ. ಅದೇನು ಬರೀ ಕೊಳವೆಯಾ? ಅದಕ್ಕೂ ಹಸಿವಿದೆ.

ಪುಡಿ ಡಬ್ಬಿಯ ಮೇಲೆ ಮೈಸೀಲಿಯಂ ಅಂತ ಇದೆ. ಅಣಬೆ ಪುಡಿಗಿಂತ ಒಳ್ಳೇದಾ?

ಹೇಗೆ ಬೆಳೆಸಿದ್ದು ಎಂದು ನೋಡಿ. ಕಾಳಿನ ಮೇಲೆ ಬೆಳೆಸಿದ್ದಾದರೆ ಎಳೆಗಳನ್ನು ಕಾಳಿನಿಂದ ಬಿಡಿಸಲು ಆಗುವುದಿಲ್ಲ, ಎರಡನ್ನೂ ಒಟ್ಟಿಗೆ ಒಣಗಿಸಿ ಪುಡಿ ಮಾಡುತ್ತಾರೆ. ಪುಡಿಯಲ್ಲಿ ಕಾಳಿನ ಪಿಷ್ಟವೂ ಸೇರಿರುತ್ತದೆ. ದ್ರವದಲ್ಲಿ ಬೆಳೆಸಿ ಸೋಸಿದ್ದಾದರೆ ಆ ತೊಂದರೆ ಇಲ್ಲ. ಕಾಯಿಲೆ ವಾಸಿಯಾಗುತ್ತದೆ ಎಂಬ ಮಾತಿಗೆ ಮರುಳಾಗಿ ವೈದ್ಯರು ಕೊಟ್ಟ ಮಾತ್ರೆ ಬಿಡಬೇಡಿ.

ಮೈಸೀಲಿಯಂ ಇಟ್ಟಿಗೆ, ಮೈಸೀಲಿಯಂ ಮಾಂಸ ಅಂತೆಲ್ಲ ಬರ್ತಿದೆ. ಪದ ಸರಿಯಾಗಿ ಬಳಸ್ತಿದ್ದಾರಾ?

ಹೆಚ್ಚುಕಡಿಮೆ ಸರಿ. ಬೆಳೆಯ ಕಸವನ್ನು ಅಚ್ಚಿಗೆ ತುಂಬಿ ಮೈಸೀಲಿಯಂ ಹಬ್ಬಲು ಬಿಡುತ್ತಾರೆ. ಎಳೆಗಳೇ ಅಂಟಾಗಿ ಕಸವನ್ನು ಹಿಡಿದಿಡುತ್ತವೆ. ಆಮೇಲೆ ಬಿಸಿ ಮಾಡಿ ಶಿಲೀಂಧ್ರವನ್ನು ಸಾಯಿಸುತ್ತಾರೆ. ಹಾಗಾಗಿ ಇಟ್ಟಿಗೆಯಲ್ಲಿ ತೂಕದ ಬಹುಪಾಲು ಕಸದ್ದೇ. 2014ರಲ್ಲಿ ನ್ಯೂಯಾರ್ಕಿನಲ್ಲಿ ಹೈ-ಫೈ ಎಂಬ ಗೋಪುರವನ್ನು ಸುಮಾರು 10,000 ಇಂಥ ಇಟ್ಟಿಗೆಗಳಿಂದ ಕಟ್ಟಿ, ಆಮೇಲೆ ಬಿಚ್ಚಿ ಗೊಬ್ಬರ ಮಾಡಿದರು. ತಿನ್ನುವ ಕಡೆ, ಬ್ರಿಟನ್ನಿನಲ್ಲಿ 1985ರಿಂದ ಸಿಗುವ ಕ್ವಾರ್ನ್ ಇದೆ. ಅದು ದೊಡ್ಡ ತೊಟ್ಟಿಗಳಲ್ಲಿ ಬೆಳೆಸಿದ ಫ್ಯುಸೇರಿಯಂ ವೆನೆನೇಟಂ ಎಂಬ ಶಿಲೀಂಧ್ರದ ಎಳೆಗಳು. "ಅಣಬೆಯಿಂದ ಮಾಡಿದ್ದು" ಎಂದು ಜನ ಅನ್ನುತ್ತಾರೆ, ಆದರೆ ಆ ಶಿಲೀಂಧ್ರ ಅಣಬೆಯನ್ನೇ ಬಿಡುವುದಿಲ್ಲ.

ಕತೆ, ಕವಿತೆಯಲ್ಲಿ ಮೈಸೀಲಿಯಂ ಅನ್ನು ರೂಪಕವಾಗಿ ಬಳಸಬಹುದಾ? ಸಂಘಟನೆ, ಇಂಟರ್ನೆಟ್ಟಿಗೆ ಹೋಲಿಸ್ತಾರೆ.

ನಡುವೆ ಯಜಮಾನ ಇಲ್ಲದೆ ಹರಡಿಕೊಂಡದ್ದಕ್ಕೆ ಚೆನ್ನಾಗಿ ಒಪ್ಪುತ್ತದೆ. ಎಲ್ಲರೂ ಕೈಕೈ ಹಿಡಿದು ಬದುಕುವುದಕ್ಕೆ ಒಪ್ಪುವುದಿಲ್ಲ. ಬಿದ್ದ ಮರದ ದಿಮ್ಮಿಯಲ್ಲಿ ಒಂದಕ್ಕೊಂದು ಹೊಂದದ ಎರಡು ಮೈಸೀಲಿಯಂಗಳು ಎದುರಾದರೆ ಕೂಡುವುದಿಲ್ಲ, ಗಡಿ ಹಾಕಿಕೊಳ್ಳುತ್ತವೆ. ದಿಮ್ಮಿಯನ್ನು ಕೊಯ್ದಾಗ ಆ ಗಡಿ ಪೆನ್ನಿನಿಂದ ಎಳೆದಂಥ ಸಣ್ಣ ಕಪ್ಪು ಗೆರೆಯಾಗಿ ಕಾಣುತ್ತದೆ. ಮರವನ್ನು ಕಡೆದು ಬಟ್ಟಲು, ಪೆಟ್ಟಿಗೆ ಮಾಡುವವರು ಇಂಥ ಗೆರೆಯ ಹಲಗೆಯನ್ನು ಹುಡುಕಿಕೊಂಡು ಹೋಗುತ್ತಾರೆ. ಕೆಲವರು ಬೇಕೆಂದೇ ಎರಡು ಶಿಲೀಂಧ್ರಗಳನ್ನು ಒಂದು ತುಂಡಿನಲ್ಲಿ ಬಿಟ್ಟು ಜಗಳ ಹಚ್ಚುವುದೂ ಉಂಟು.